ಅದೇ ನೂರು ಕೆಜಿ ಇವತ್ತು ಯಾಕೆ ಭಾರ? ಕ್ರೀಡಾಪಟುವಿನ ಮಾತಿನಿಂದ ಸ್ನಾಯುವಿನ ಶಕ್ತಿ ಅಳೆಯುವ ಬಗೆ

ದಾವಣಗೆರೆಯ ಹಳೇ ವ್ಯಾಯಾಮ ಶಾಲೆಗಳಲ್ಲಿ ಆಂಜನೇಯನ ಫೋಟೊ ಇರುತ್ತದೆ, ದೊಡ್ಡ ಕನ್ನಡಿ ಇರುತ್ತದೆ, ತುಕ್ಕು ಹಿಡಿದರೂ ತೂಕ ಕಳೆದುಕೊಳ್ಳದ ಪ್ಲೇಟುಗಳಿರುತ್ತವೆ. ಸ್ನಾಯು ಎಷ್ಟು ಬಲ ಹಾಕಿತು ಎಂದು ಅಳೆದು ಹೇಳುವ ಯಂತ್ರ ಮಾತ್ರ ಇರುವುದಿಲ್ಲ. ಅಂಥ ಯಂತ್ರಗಳಿಗೆ ಲಕ್ಷಗಟ್ಟಲೆ ಬೆಲೆ. ಅವು ಇರುವುದು ದೊಡ್ಡ ಕ್ರೀಡಾ ಕೇಂದ್ರಗಳಲ್ಲಿ, ವಿಶ್ವವಿದ್ಯಾಲಯಗಳ ಲ್ಯಾಬುಗಳಲ್ಲಿ.

ಆದರೆ ಒಂದು ಅಳತೆ ಪುಕ್ಕಟೆ ಸಿಗುತ್ತದೆ. ಸೆಟ್ ಮುಗಿಸಿ ಬಾರ್ ಇಟ್ಟ ಹುಡುಗನನ್ನು ಕೇಳುವುದು: "ಎಷ್ಟು ಕಷ್ಟ ಆಯ್ತು? ಹತ್ತಕ್ಕೆ ಎಷ್ಟು ಕೊಡ್ತೀಯ?" ಅವನು ಏಳು ಅಂತಾನೆ, ಒಂಬತ್ತು ಅಂತಾನೆ. ಕ್ರೀಡಾ ವಿಜ್ಞಾನದಲ್ಲಿ ಇದಕ್ಕೆ ಆರ್‌ಪಿಇ ಎಂದು ಹೆಸರು. ಅನಿಸಿದ ಶ್ರಮಕ್ಕೆ ಕೊಟ್ಟ ಅಂಕ, ಅಷ್ಟೇ.

ಇದನ್ನು ಕೇಳಿದ ತಕ್ಷಣ ಅನುಮಾನ ಬರುವುದು ಸಹಜ. ಬಾಯಿಗೆ ಬಂದ ಸಂಖ್ಯೆ ಅಳತೆ ಹೇಗಾಗುತ್ತದೆ? ಒಬ್ಬ ಸಣ್ಣ ನೋವಿಗೂ ಗೋಳಾಡುತ್ತಾನೆ, ಇನ್ನೊಬ್ಬ ಕಾಲು ಮುರಿದರೂ "ಏನಿಲ್ರೀ ಸರ್" ಅಂತಾನೆ. ಅನುಮಾನ ನ್ಯಾಯವಾದದ್ದೇ. ಬರೀ ಸಂಖ್ಯೆಯನ್ನಷ್ಟೇ ಹಿಡಿದುಕೊಂಡರೆ ಅದಕ್ಕೆ ನಿಜಕ್ಕೂ ಬೆಲೆ ಇಲ್ಲ. "ಇವತ್ತು ಎಂಟು" ಎಂದರೆ ಏನೂ ಗೊತ್ತಾಗುವುದಿಲ್ಲ. "ನೂರು ಕೆಜಿ, ಐದು ಸಲ, ಎಂಟು" ಎಂದಾಗ ವಿಷಯ ಶುರುವಾಗುತ್ತದೆ. ಮುಂದಿನ ತಿಂಗಳು ಅದೇ ಹುಡುಗ, ಅದೇ ನೂರು ಕೆಜಿ, ಅದೇ ಐದು ಸಲಕ್ಕೆ "ಆರು" ಎಂದರೆ ಅವನ ಸ್ನಾಯು ಬಲಿತಿದೆ. ಭಾರವನ್ನು ಕದಲದಂತೆ ಇಟ್ಟು, ಶ್ರಮ ಎತ್ತ ಸರಿಯಿತು ಎಂದು ನೋಡುವುದು. ಈ ವಿಧಾನದ ಜೀವ ಇರುವುದು ಇಲ್ಲಿ.

ಮೊದಲು, ಶ್ರಮ ಎಂಬ ಅನಿಸಿಕೆ ಬರುವುದು ಎಲ್ಲಿಂದ ಎಂದು ನೋಡೋಣ. ಸ್ವಲ್ಪ ಸುತ್ತಿನ ದಾರಿ, ಆದರೆ ಇದು ಗೊತ್ತಾಗದೆ ಮುಂದಿನದು ಬರೀ ಲೆಕ್ಕ ಆಗಿಬಿಡುತ್ತದೆ.

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿಗೆ ಬೆಳಗಿನ ಚೀಲಕ್ಕೂ ಸಂಜೆಯ ಚೀಲಕ್ಕೂ ವ್ಯತ್ಯಾಸ ಗೊತ್ತು. ತಕ್ಕಡಿ ಎರಡಕ್ಕೂ ಒಂದೇ ತೂಕ ತೋರಿಸುತ್ತದೆ, ಬೆನ್ನು ಒಪ್ಪುವುದಿಲ್ಲ. ಬೆಳಗ್ಗೆ ಸ್ನಾಯುವಿನ ಎಳೆಗಳು ತಾಜಾ ಇರುತ್ತವೆ. ಕೆಲವನ್ನೇ ಕೆಲಸಕ್ಕೆ ಹಚ್ಚಿದರೆ ಚೀಲ ಏಳುತ್ತದೆ. ಸಂಜೆಗೆ ಆ ಎಳೆಗಳು ಸೋತಿರುತ್ತವೆ. ಒಂದೊಂದು ಎಳೆಯೂ ಮೊದಲಿಗಿಂತ ಕಡಿಮೆ ಬಲ ಕೊಡುತ್ತದೆ. ಅದೇ ಚೀಲ ಏಳಬೇಕಾದರೆ ಮೆದುಳು ಇನ್ನೂ ಹೆಚ್ಚು ಎಳೆಗಳನ್ನು ಎಬ್ಬಿಸಬೇಕು, ಇನ್ನೂ ಜೋರಾಗಿ ಆಜ್ಞೆ ಕಳಿಸಬೇಕು. ಮೆದುಳು ಸ್ನಾಯುವಿಗೆ ಕಳಿಸುವ ಆಜ್ಞೆಯ ಒಂದು ಪ್ರತಿ ಮೆದುಳಿನ ಇನ್ನೊಂದು ಭಾಗಕ್ಕೂ ಹೋಗುತ್ತದೆ. ನಮಗೆ ಶ್ರಮ ಎಂದು ಅನಿಸುವುದರಲ್ಲಿ ದೊಡ್ಡ ಪಾಲು ಆ ಪ್ರತಿಯದು ಎಂದು ಹಲವು ಸಂಶೋಧಕರು ಹೇಳುತ್ತಾರೆ.

ಇದನ್ನು ಹೇಗೆ ಕಂಡುಕೊಂಡರು ಎಂಬುದು ಚೆನ್ನಾಗಿದೆ. 1977ರಲ್ಲಿ ಆಸ್ಟ್ರೇಲಿಯಾದ ಗಾಂಡೇವಿಯಾ ಮತ್ತು ಮೆಕ್‌ಕ್ಲೋಸ್ಕಿ ಎಂಬ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಕ್ಯುರಾರೆ ಎಂಬ ಔಷಧಿ ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ಮುಟ್ಟದಂತೆ ತಡೆಯುತ್ತದೆ. ಅದನ್ನು ಸ್ವಲ್ಪವೇ ಕೊಟ್ಟು ಸ್ನಾಯುವನ್ನು ಅರ್ಧಂಬರ್ಧ ದುರ್ಬಲ ಮಾಡಿ, ಆಮೇಲೆ ತೂಕ ಎತ್ತಿಸಿದರು. ತೂಕ ಬದಲಾಗಿರಲಿಲ್ಲ. ಆದರೂ ಎತ್ತುವವರಿಗೆ ಅದು ಮೊದಲಿಗಿಂತ ಭಾರ ಅನಿಸಿತು. ಸ್ನಾಯು ದುರ್ಬಲ ಆದಾಗ ಮೆದುಳು ಹೆಚ್ಚು ಒತ್ತಿ ಆಜ್ಞೆ ಕೊಡಬೇಕಾಯಿತು, ಆ ಹೆಚ್ಚುವರಿ ಒತ್ತಡವೇ ಭಾರವಾಗಿ ಅನಿಸಿತು. ಹುಡುಗನ ಬಾಯಿಂದ ಬರುವ ಅಂಕ ಸ್ನಾಯುವಿನ ಸ್ಥಿತಿಯನ್ನು ಹೇಳಬಲ್ಲದು ಎನ್ನಲು ಇದಕ್ಕಿಂತ ಒಳ್ಳೆಯ ಆಧಾರ ನನಗೆ ಬೇಕಿಲ್ಲ.

ಈ ಅನಿಸಿಕೆಗೆ ಅಂಕ ಕೊಡುವ ಪದ್ಧತಿ ತಂದವರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್. 1960ರ ದಶಕದಲ್ಲಿ ಅವರು ಮಾಡಿದ ಅಳತೆಪಟ್ಟಿ 6ರಿಂದ ಶುರುವಾಗಿ 20ಕ್ಕೆ ಮುಗಿಯುತ್ತದೆ. ವಿಚಿತ್ರ ಅನಿಸುತ್ತೆ, ಅಲ್ವಾ? ಅದಕ್ಕೊಂದು ಲೆಕ್ಕ ಇದೆ. ಆರೋಗ್ಯವಂತ ಯುವಕನ ಹೃದಯ ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 60 ಸಲ, ಪೂರ್ತಿ ದಣಿದಾಗ ಸುಮಾರು 200 ಸಲ ಬಡಿಯುತ್ತದೆ. ಸೈಕಲ್ ತುಳಿಯುವವನು 13 ಎಂದರೆ ಹೃದಯ ಬಡಿತ ಅಂದಾಜು 130 ಇರಬಹುದು. ಹತ್ತರಿಂದ ಗುಣಿಸಿದರೆ ಆಯಿತು. ವಯಸ್ಸಾದವರಿಗೆ, ಹೃದಯ ಬಡಿತ ಇಳಿಸುವ ಮಾತ್ರೆ ನುಂಗುವವರಿಗೆ ಈ ಗುಣಾಕಾರ ಹೊಂದುವುದಿಲ್ಲ. ಅಂಥವರಿಗೆ ಬಡಿತ ಎಣಿಸುವುದಕ್ಕಿಂತ ಅನಿಸಿದ ಶ್ರಮವನ್ನು ಕೇಳುವುದೇ ಹೆಚ್ಚು ಉಪಯೋಗ. 1982ರಲ್ಲಿ ಬೋರ್ಗ್ 0ರಿಂದ 10ರ ಇನ್ನೊಂದು ಪಟ್ಟಿ ಕೊಟ್ಟರು. ಕೋಚ್‌ಗಳ ಬಾಯಲ್ಲಿ ಈಗ ಹೆಚ್ಚಾಗಿ ಓಡಾಡುವುದು ಹತ್ತರ ಲೆಕ್ಕವೇ.

ಓಟಕ್ಕೆ, ಸೈಕಲ್ಲಿಗೆ ಬೋರ್ಗ್ ಪಟ್ಟಿ ಸರಿ. ಐದೇ ಸಲ ಎತ್ತಿ ಇಳಿಸುವ ಭಾರಕ್ಕೆ ಅದು ಸ್ವಲ್ಪ ಮಸುಕು. ಉಸಿರು ಅಷ್ಟಾಗಿ ಏರಿರುವುದಿಲ್ಲ, ಆದರೆ ತೊಡೆ ನಡುಗುತ್ತಿರುತ್ತದೆ. ಹುಡುಗ ಯಾವುದಕ್ಕೆ ಅಂಕ ಕೊಡಬೇಕು? ಅದಕ್ಕೇ ಪವರ್‌ಲಿಫ್ಟಿಂಗ್ ಜನ ಪ್ರಶ್ನೆಯನ್ನೇ ಬದಲಾಯಿಸಿದರು. ಅಮೆರಿಕದ ಲಿಫ್ಟರ್ ಮೈಕ್ ಟಕ್‌ಶೆರರ್ ಇದನ್ನು ಬಳಕೆಗೆ ತಂದರು. 2016ರಲ್ಲಿ ಮೈಕಲ್ ಝೌರ್ಡೋಸ್ ಮತ್ತು ಜೊತೆಗಾರರು ಪರೀಕ್ಷೆ ಮಾಡಿ ಪ್ರಬಂಧವಾಗಿ ಪ್ರಕಟಿಸಿದರು. ಪ್ರಶ್ನೆ ಇಷ್ಟೇ: "ಇನ್ನೆಷ್ಟು ಹೊಡೀತಿದ್ದೆ?" ಇನ್ನೊಂದೂ ಆಗುತ್ತಿರಲಿಲ್ಲ ಎಂದರೆ ಹತ್ತು. ಇನ್ನೊಂದು ಆಗುತ್ತಿತ್ತು ಎಂದರೆ ಒಂಬತ್ತು. ಎರಡು ಉಳಿದಿದ್ದರೆ ಎಂಟು, ಮೂರು ಉಳಿದಿದ್ದರೆ ಏಳು. ಇನ್ನೊಂದು ಸಲ ಆಗಲ್ಲ, ಆದರೆ ಇದಕ್ಕಿಂತ ಸ್ವಲ್ಪ ಜಾಸ್ತಿ ತೂಕ ಹಾಕಿದ್ದರೂ ಎತ್ತುತ್ತಿದ್ದೆ ಎಂದರೆ ಒಂಬತ್ತೂವರೆ. ಆರಕ್ಕಿಂತ ಕೆಳಗೆ ಈ ಎಣಿಕೆ ಸಡಿಲವಾಗುತ್ತದೆ. ಆರು ಉಳಿದಿದ್ದವೋ ಎಂಟು ಉಳಿದಿದ್ದವೋ ಯಾರಿಗೆ ಗೊತ್ತು?

ಈ ಪ್ರಶ್ನೆಯ ದೊಡ್ಡ ಲಾಭ ಎಂದರೆ, ಅನಿಸಿಕೆಯನ್ನು ಕಿಲೋಗ್ರಾಂಗೆ ತಿರುಗಿಸಬಹುದು. ಎಪ್ಲಿ ಸೂತ್ರ ಎಂದು ಒಂದಿದೆ. ಎತ್ತಿದ ತೂಕ, ಎತ್ತಬಲ್ಲಷ್ಟು ಸಲ, ಇವೆರಡರಿಂದ ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠ ತೂಕವನ್ನು ಅಂದಾಜು ಮಾಡುವುದು. ಸಲಗಳನ್ನು 30ರಿಂದ ಭಾಗಿಸಿ, ಒಂದು ಕೂಡಿಸಿ, ತೂಕದಿಂದ ಗುಣಿಸಬೇಕು. ನಮ್ಮ ಹುಡುಗ 100 ಕೆಜಿ ಹೊತ್ತು 5 ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು) ಹೊಡೆದು "ಎಂಟು" ಎಂದ ಎಂದುಕೊಳ್ಳಿ. ಎರಡು ಉಳಿದಿದ್ದವು, ಅಂದರೆ ಒಟ್ಟು 7 ಆಗುತ್ತಿತ್ತು. ಸೂತ್ರಕ್ಕೆ ಹಾಕಿದರೆ ಗರಿಷ್ಠ ಸುಮಾರು 123 ಕೆಜಿ. ಆರು ವಾರ ಕಳೆದ ಮೇಲೆ ಅದೇ 100 ಕೆಜಿ, ಅದೇ 5 ಸಲ, ಈಗ "ಆರು". ನಾಲ್ಕು ಉಳಿದಿದ್ದವು, ಒಟ್ಟು 9. ಗರಿಷ್ಠ 130. ಅವನ ಬೆನ್ನ ಮೇಲೆ ನಾವು 130 ಕೆಜಿ ಇಡಲೇ ಇಲ್ಲ. ಮೊಣಕಾಲಿಗೆ, ಸೊಂಟಕ್ಕೆ ಅಪಾಯ ಇಲ್ಲದೆ ಏಳು ಕೆಜಿ ಬೆಳವಣಿಗೆ ಕಂಡಿತು. ಸಲ ಹತ್ತು ದಾಟಿದರೆ ಈ ಸೂತ್ರ ನಂಬುವಂತಿಲ್ಲ. ಹಾಗಾಗಿ ಮೂರರಿಂದ ಆರು ಸಲದ ಸೆಟ್ಟುಗಳಿಗೇ ಇದನ್ನು ಇಟ್ಟುಕೊಂಡರೆ ಒಳ್ಳೆಯದು.

ಹುಡುಗರು ಎಷ್ಟು ಸರಿಯಾಗಿ ಹೇಳುತ್ತಾರೆ? ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದವರಿಗೆ ಕಂಡದ್ದು, ಜನ ಸರಾಸರಿ ಒಂದು ಸಲದಷ್ಟು ಕಡಿಮೆ ಅಂದಾಜು ಮಾಡುತ್ತಾರೆ ಎಂದು. ಎರಡು ಉಳಿದಿವೆ ಎಂದವನಿಗೆ ನಿಜದಲ್ಲಿ ಮೂರು ಉಳಿದಿರುತ್ತವೆ. ಇದು ಕೆಟ್ಟ ಸುದ್ದಿ ಅಲ್ಲ. ಮನೆ ಗಡಿಯಾರ ಯಾವಾಗಲೂ ಐದು ನಿಮಿಷ ಹಿಂದಿದ್ದರೂ ಎಷ್ಟು ಹೊತ್ತು ಕಳೆಯಿತು ಎಂದು ಹೇಳಲು ಅದು ಸಾಕಲ್ಲ, ಹಾಗೆ. ತಪ್ಪು ಪ್ರತಿ ಸಲ ಒಂದೇ ಥರ ಇದ್ದರೆ ಬದಲಾವಣೆ ಕಾಣುತ್ತದೆ. ತೊಂದರೆ ಕೊಡುವುದು ಇವತ್ತೊಂದು ನಾಳೆ ಒಂದು ಆಗುವ ತಪ್ಪು. ಅದು ಹೊಸಬರಲ್ಲಿ ಜಾಸ್ತಿ. ಭಾರ ಕಡಿಮೆ ಇದ್ದು ಸಲ ಹೆಚ್ಚಾದಾಗಲೂ ಜಾಸ್ತಿ. ಮಿತಿಯ ಹತ್ತಿರ ಹೋದಷ್ಟೂ ಅಂದಾಜು ನಿಖರವಾಗುತ್ತದೆ.

ಹೊಸಬರಿಗೆ ಹತ್ತು ಎಂದರೇನು ಎಂದೇ ಗೊತ್ತಿರುವುದಿಲ್ಲ. ಜಿಮ್ಮಿಗೆ ಬಂದು ಎರಡು ವಾರ ಆದ ಹುಡುಗ ಉರಿ ಶುರುವಾದ ಕೂಡಲೇ ಹತ್ತು ಎಂದುಬಿಡುತ್ತಾನೆ. ಅವನಿಗೆ ಒಮ್ಮೆಯಾದರೂ ನಿಜವಾದ ಕೊನೆ ತೋರಿಸಬೇಕು. ಅದಕ್ಕೆ ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್ ಬೇಡ, ಎದೆ ಮೇಲೆ ಬಾರ್ ಬಿದ್ದರೆ ಕಷ್ಟ. ದಂಡ ಹೊಡೆಸಬಹುದು, ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರ ಆಗಬಹುದು. "ಇನ್ನು ಎಷ್ಟು ಆಗುತ್ತೆ?" ಎಂದು ನಡುವೆ ಕೇಳಿ, ಅವನು "ಎರಡು" ಎಂದ ಮೇಲೆ ಹುರಿದುಂಬಿಸಿ ಎಷ್ಟು ಆಗುತ್ತದೋ ಎಣಿಸಿ. ಏಳು ಹೊಡೆದರೆ ಅವನಿಗೇ ನಗು ಬರುತ್ತದೆ. ಮೊಬೈಲ್ ಕೂಡ ಸಹಾಯಕ್ಕಿದೆ. ಮಿತಿ ಹತ್ತಿರ ಬಂದಂತೆ ಬಾರ್ ಏರುವ ವೇಗ ಇಳಿಯುತ್ತದೆ, ಇದು ಮನಸ್ಸಿನ ಮಾತಲ್ಲ, ವಿಡಿಯೊದಲ್ಲಿ ಕಾಣುವಂಥದ್ದು. ಕೊನೆಯ ಸಲವೂ ಮೊದಲ ಸಲದಷ್ಟೇ ಸರಾಗವಾಗಿ ಏರಿದೆ, ಅವನು ಮಾತ್ರ ಒಂಬತ್ತು ಎನ್ನುತ್ತಿದ್ದಾನೆ ಎಂದರೆ ಇಬ್ಬರೂ ಕೂತು ವಿಡಿಯೊ ನೋಡಬೇಕು. ಅನುಭವಿ ಲಿಫ್ಟರುಗಳ ಅಂಕ ಬಾರಿನ ವೇಗಕ್ಕೆ ಹೊಸಬರ ಅಂಕಕ್ಕಿಂತ ಚೆನ್ನಾಗಿ ಹೊಂದುತ್ತದೆ ಎಂದು ಆ 2016ರ ಅಧ್ಯಯನವೂ ತೋರಿಸಿತ್ತು.

ಕಾಲಿನ ಶ್ರಮ, ಉಸಿರಿನ ಶ್ರಮ ಬೇರೆ ಬೇರೆ ಎಂದೆನಲ್ಲ, ಅದನ್ನು ಇನ್ನೂ ಸ್ವಲ್ಪ ಬಿಡಿಸಬೇಕು. 1971ರಲ್ಲಿ ಎಕ್‌ಬ್ಲಾಮ್ ಮತ್ತು ಗೋಲ್ಡ್‌ಬಾರ್ಗ್ ಎಂಬ ಸಂಶೋಧಕರು ಈ ಎರಡನ್ನೂ ಬೇರ್ಪಡಿಸಿ ನೋಡಬೇಕು ಎಂದರು. ಚಿತ್ರದುರ್ಗದ ಹುಡುಗರಿಗೆ ಇದನ್ನು ಪರೀಕ್ಷೆ ಮಾಡಲು ಕೋಟೆಯೇ ಇದೆ. ಕಲ್ಲಿನ ಮೆಟ್ಟಿಲು ವರ್ಷಗಟ್ಟಲೆ ಬದಲಾಗುವುದಿಲ್ಲ. ಇಷ್ಟರಿಂದ ಇಷ್ಟಕ್ಕೆ ಎಂದು ಗುರುತು ಮಾಡಿಕೊಂಡು, ಅದೇ ಹೊತ್ತಿನಲ್ಲಿ, ಅದೇ ವೇಗದಲ್ಲಿ ಹತ್ತಿ ಮೇಲೆ ನಿಂತಾಗ ಎರಡು ಅಂಕ ಕೊಡಬೇಕು, ಕಾಲಿಗೊಂದು ಎದೆಗೊಂದು. ಕಾಲು ಎಂಟು, ಉಸಿರು ಐದು ಎಂದರೆ ತೊಡೆ ಮತ್ತು ಮೀನಖಂಡಕ್ಕೆ ಕೆಲಸ ಬೇಕು. ಬಸ್ಕಿ, ಸ್ಕ್ವಾಟ್ ಹೆಚ್ಚಿಸಬೇಕು. ಉಸಿರು ಎಂಟು, ಕಾಲು ಐದು ಎಂದರೆ ಬಾರ್ ಎತ್ತಿಸಿ ಪ್ರಯೋಜನ ಇಲ್ಲ, ಓಟ ಬೇಕು. ಒಂದೇ ಅಂಕ ಕೇಳಿದ್ದರೆ ಇಬ್ಬರೂ ಏಳು ಎನ್ನುತ್ತಿದ್ದರು, ಇಬ್ಬರಿಗೂ ಒಂದೇ ಸಾಮು ಕೊಟ್ಟು ಕಳಿಸುತ್ತಿದ್ದೆವು. ದಾವಣಗೆರೆಯವರಿಗೆ ಕುಂದವಾಡ ಕೆರೆಯ ದಾರಿ ಇದೆ. ಅದು ಸಮತಟ್ಟು, ಅಲ್ಲಿ ಉಸಿರಿನ ಲೆಕ್ಕವೇ ಹೆಚ್ಚು ಸಿಗುತ್ತದೆ.

ಈಗ ಸಂಖ್ಯೆ ಎಡವುವ ಜಾಗಗಳಿಗೆ ಬರೋಣ. ಸ್ನಾಯು ಚೆನ್ನಾಗಿದ್ದರೂ ಶ್ರಮ ಜಾಸ್ತಿ ಅನಿಸಬಹುದು. 2009ರಲ್ಲಿ ಸ್ಯಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 16 ಜನರಿಗೆ 90 ನಿಮಿಷ ಕಂಪ್ಯೂಟರ್ ಮುಂದೆ ಗಮನ ಬೇಡುವ ಕೆಲಸ ಕೊಟ್ಟು, ಆಮೇಲೆ ಸುಸ್ತಾಗಿ ನಿಲ್ಲುವವರೆಗೆ ಸೈಕಲ್ ತುಳಿಸಿದರು. ಇನ್ನೊಂದು ದಿನ ಅವರಿಗೇ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿ ತುಳಿಸಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡ್ ತುಳಿದವರು, ತಲೆಗೆ ಕೆಲಸ ಕೊಟ್ಟ ದಿನ 640 ಸೆಕೆಂಡಿಗೆ ನಿಲ್ಲಿಸಿದರು. ಹೃದಯ, ಉಸಿರಾಟ ಇವು ಅದಕ್ಕೆ ಕಾರಣ ಆಗಿರಲಿಲ್ಲ. ಶ್ರಮದ ಅಂಕ ಮಾತ್ರ ಮೇಲಿತ್ತು. ಆದರೆ ಗಮನಿಸಿ, ಇಂಥ ತಲೆದಣಿವು ಹೆಚ್ಚಾಗಿ ಕೆಡಿಸುವುದು ದೀರ್ಘ ಕಾಲದ ಕೆಲಸವನ್ನು. ಒಂದೇ ಸಲ ಪೂರ್ತಿ ಬಲ ಹಾಕುವ ಶಕ್ತಿ ಅಷ್ಟೇನೂ ಕುಗ್ಗುವುದಿಲ್ಲ ಎಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಪಿಯುಸಿ ಪರೀಕ್ಷೆ ಬರೆದು ನೇರ ಗ್ರೌಂಡಿಗೆ ಬಂದ ಹುಡುಗನ ಅಂಕ ಎರಡು ಮೇಲೆ ಹೋದರೆ ಅವನ ಕಾಲನ್ನು ಬೈಯಬೇಡಿ.

ಬಿಸಿಲು ಇನ್ನೊಂದು. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಬಿಸಿಲಿನಲ್ಲಿ ಅದೇ ವೇಗದ ಓಟಕ್ಕೆ ಅಂಕ ಮೇಲೇರುತ್ತದೆ. ಜನವರಿಯ ಅಂಕದ ಪಕ್ಕ ಏಪ್ರಿಲ್ ಅಂಕ ಇಟ್ಟು "ಇಳಿದುಹೋದ" ಎನ್ನುವುದು ಅನ್ಯಾಯ. ನಿದ್ದೆ ಕೆಟ್ಟರೂ ಹೀಗೇ. ಕಾಫಿ ಉಲ್ಟಾ ಕೆಲಸ ಮಾಡುತ್ತದೆ, ಅದರ ಕೆಫೀನ್ ಶ್ರಮ ಕಡಿಮೆ ಅನಿಸುವಂತೆ ಮಾಡುತ್ತದೆ. ಅಂಕ ಅಳೆಯುವ ದಿನ, ಒಂದು ವಾರ ಕಾಫಿ ಕುಡಿದು, ಇನ್ನೊಂದು ವಾರ ಕುಡಿಯದೆ ಬಂದರೆ ನಾವು ಅಳೆದದ್ದು ಕಾಫಿಯನ್ನು.

ಕುಸ್ತಿಯವರದು ಬೇರೆಯೇ ಕಥೆ. ತೂಕದ ವರ್ಗಕ್ಕೆ ಇಳಿಯಲು ನೀರು ಬಿಟ್ಟು ಬೆವರು ಹರಿಸುವ ದಿನಗಳಲ್ಲಿ ಎಲ್ಲ ಭಾರವೂ ಭಾರವೇ. ಆ ವಾರದ ಅಂಕವನ್ನು ಬೆಳವಣಿಗೆಯ ಲೆಕ್ಕಕ್ಕೆ ಸೇರಿಸಬಾರದು. ಆದರೆ ಬರೆದಿಡಬೇಕು. ಎರಡು ಕೆಜಿ ಇಳಿಸಿದಾಗ ಎಂಟು, ನಾಲ್ಕು ಕೆಜಿ ಇಳಿಸಿದಾಗ ಹತ್ತು ಎಂದು ಪುಸ್ತಕದಲ್ಲಿ ಕಂಡರೆ, ಮುಂದಿನ ಸಲ ಯಾವ ವರ್ಗಕ್ಕೆ ಹೆಸರು ಕೊಡಬೇಕು ಎಂಬ ಚರ್ಚೆಗೆ ಅದೇ ಸಾಕ್ಷಿ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಸುಳ್ಳು. ಗರಡಿ ಮನೆಯಲ್ಲಿ ಬೆಳೆದವರಿಗೆ "ಕಷ್ಟ ಆಯ್ತು" ಎನ್ನುವುದೇ ಸೋಲು. ಉಸ್ತಾದರು ಎದುರಿಗೆ ನಿಂತು, ಹತ್ತು ಜನ ಸುತ್ತ ನಿಂತು ಕೇಳಿದರೆ ಉತ್ತರ ಒಂದೇ: "ಆರಾಮ್ ಇತ್ರೀ." ದುರ್ಗಾಂಬಿಕಾ ಜಾತ್ರೆಯ ಕುಸ್ತಿ ಹತ್ತಿರ ಬಂದಾಗಲಂತೂ ಎಲ್ಲರೂ ಐದರ ಮೇಲೆ ಹೋಗುವುದೇ ಇಲ್ಲ. ಎದುರಾಳಿಗೆ ಸುದ್ದಿ ಮುಟ್ಟಬಾರದಲ್ಲ! ಇನ್ನು ಅಂಕ ನೋಡಿ ತಂಡಕ್ಕೆ ಆರಿಸುತ್ತಾರೆ ಎಂದು ಒಮ್ಮೆ ಗೊತ್ತಾದರೆ ಮುಗಿಯಿತು, ಆ ಪುಸ್ತಕವನ್ನು ಒಲೆಗೆ ಹಾಕಬಹುದು. ಹೇಳಿದ ಅಂಕಕ್ಕೆ ಬೈಗುಳ ಬೀಳಬಾರದು, ಹೊಗಳಿಕೆಯೂ ಬೀಳಬಾರದು. ಪ್ರತಿಯೊಬ್ಬನಿಗೂ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು ಅವನೇ ಬರೆದುಕೊಳ್ಳುವಂತೆ ಮಾಡಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. ಕೇಳುವ ರೀತಿಯೂ ಮುಖ್ಯ. "ಸುಲಭ ಇತ್ತಲ್ವಾ?" ಎಂದು ಕೇಳಿದರೆ "ಹೌದು ಸರ್" ಬಿಟ್ಟು ಬೇರೆ ಏನು ಬರುತ್ತದೆ?

ಕೋಚ್‌ಗಳ ಕಡೆಯಿಂದಲೂ ಒಂದು ಅಂತರ ಇದೆ. ಅಮೆರಿಕದ ಕಾರ್ಲ್ ಫಾಸ್ಟರ್ ಇಡೀ ತಾಲೀಮಿಗೇ ಒಂದು ಅಂಕ ಕೊಡುವ ಪದ್ಧತಿಯನ್ನು ಜನಪ್ರಿಯ ಮಾಡಿದವರು. ತಾಲೀಮು ಮುಗಿದ ಸುಮಾರು 30 ನಿಮಿಷದ ಮೇಲೆ ಹತ್ತರಲ್ಲಿ ಅಂಕ ಕೇಳುವುದು, ನಿಮಿಷಗಳಿಂದ ಗುಣಿಸುವುದು. 90 ನಿಮಿಷದ ಕುಸ್ತಿಗೆ ಏಳು ಕೊಟ್ಟರೆ 630. 40 ನಿಮಿಷದ ಹಗುರ ಓಟಕ್ಕೆ ನಾಲ್ಕು ಕೊಟ್ಟರೆ 160. ವಾರದ್ದೆಲ್ಲ ಕೂಡಿಸಿದರೆ ಮೈಮೇಲೆ ಬಿದ್ದ ಹೊರೆ ಗೊತ್ತಾಗುತ್ತದೆ. ಫಾಸ್ಟರ್ ತಂಡ ಕೋಚ್ ಮನಸ್ಸಿನಲ್ಲಿದ್ದ ಅಂಕವನ್ನು ಕ್ರೀಡಾಪಟುಗಳು ಕೊಟ್ಟ ಅಂಕದ ಪಕ್ಕ ಇಟ್ಟು ನೋಡಿತು. ಕೋಚ್ ಹಗುರ ಎಂದುಕೊಂಡ ದಿನ ಹುಡುಗರಿಗೆ ಜಾಸ್ತಿ ಅನಿಸಿತ್ತು. ಕೋಚ್ ಜೋರು ಎಂದುಕೊಂಡ ದಿನ ಅಷ್ಟು ಜೋರು ಆಗಿರಲೇ ಇಲ್ಲ. ಎಲ್ಲ ದಿನವೂ ಮಧ್ಯಮ. ಹೀಗಾದರೆ ಸ್ನಾಯುವಿಗೆ ಸರಿಯಾದ ಪೆಟ್ಟೂ ಬೀಳುವುದಿಲ್ಲ, ಸರಿಯಾದ ವಿಶ್ರಾಂತಿಯೂ ಸಿಗುವುದಿಲ್ಲ. ನನ್ನ ಮಟ್ಟಿಗೆ ನಮ್ಮ ಊರಿನ ಬಹುಪಾಲು ಹುಡುಗರು ಸಿಕ್ಕಿಹಾಕಿಕೊಂಡಿರುವುದು ಈ ಮಧ್ಯಮದಲ್ಲೇ.

ಶುರು ಮಾಡುವವರಿಗೆ ಯಂತ್ರ ಬೇಡ, ಆ್ಯಪ್ ಬೇಡ. ವಾರಕ್ಕೊಂದು ದಿನ, ಅದೇ ಹೊತ್ತು, ಅದೇ ವಾರ್ಮ್‌ಅಪ್, ಅದೇ ಭಾರ, ಅದೇ ಸಲ, ನಡುವೆ ಅದೇ ವಿಶ್ರಾಂತಿ. ಬಾರ್ ಇಟ್ಟ ಕೂಡಲೇ ಅಂಕ. ಒಂದು ವಾರದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅರ್ಧ ಒಂದು ಅಂಕ ಯಾರಿಗಾದರೂ ಆಚೀಚೆ ಆಗುತ್ತದೆ. ಮೂರು ವಾರ ಒಂದೇ ಕಡೆ ಸರಿದರೆ ನೋಡಿ. ಇಳಿಯುತ್ತಿದ್ದರೆ ತೂಕ ಏರಿಸಿ. ಏರುತ್ತಲೇ ಇದ್ದರೆ ನಿದ್ದೆ, ಊಟ, ಮನೆಯ ಪರಿಸ್ಥಿತಿ ವಿಚಾರಿಸಿ. ಅವೆಲ್ಲ ಸರಿ ಇದ್ದರೆ ಒಂದು ವಾರ ಹೊರೆ ಇಳಿಸಿ.

ಶ್ರಮದ ಅಂಕದಲ್ಲಿ ನೋವನ್ನು ಬೆರೆಸಬಾರದು, ಅದನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ಕೀಲಿನೊಳಗೆ ಚುಚ್ಚುವ ನೋವು, ಎದೆ ಹಿಡಿದುಕೊಂಡಂತಾಗುವುದು, ತಲೆ ಸುತ್ತು ಇವಕ್ಕೆ ಅಂಕ ಕೇಳುತ್ತ ಕೂರುವುದಲ್ಲ, ಡಾಕ್ಟರ ಹತ್ತಿರ ಹೋಗುವುದು. ಮೊಣಕಾಲು ಪೆಟ್ಟಾಗಿ ವಾಪಸ್ ಬಂದವರ ವಿಷಯದಲ್ಲಿ ಮಾತ್ರ ಈ ಅಳತೆ ತುಂಬ ಕೆಲಸಕ್ಕೆ ಬರುತ್ತದೆ. ಡಾಕ್ಟರು ಭಾರ ಹಾಕಲು ಒಪ್ಪಿದ ಮೇಲೆ, ಲೆಗ್ ಪ್ರೆಸ್ಸಿನಲ್ಲಿ ಒಂದೊಂದೇ ಕಾಲಿಗೆ ಅದೇ ತೂಕ, ಅದೇ ಸಲ ಕೊಟ್ಟು ಎರಡೂ ಅಂಕ ಬರೆಯಿರಿ. ಒಳ್ಳೆಯ ಕಾಲಿಗೆ ಐದು, ಪೆಟ್ಟಾದ ಕಾಲಿಗೆ ಎಂಟು ಎಂದರೆ, ನೋವು ಹೋಗಿದೆ ಎಂದು ಅವನು ಎಷ್ಟೇ ಹೇಳಲಿ, ತೊಡೆ ಇನ್ನೂ ಸಿದ್ಧ ಇಲ್ಲ. ಎರಡು ಅಂಕಗಳೂ ಹತ್ತಿರ ಬರುವವರೆಗೆ ಅವನನ್ನು ಕಣಕ್ಕೆ ಇಳಿಸಬೇಡಿ.